ಬೂದಿ ಸವರಿದ ಬಟಾಣಿ

ಬಟಾಣಿ ಹಾಕಿದ್ದು ನನ್ನ ಆಸೆಯಿಂದಲ್ಲ. ಅತ್ತೆ ಫೋನ್ ಮಾಡಿ ಹಾಕು ಅಂದರು, ಹಾಕಿದೆ. ಹೋದ ಮಾರ್ಚ್‌ನಿಂದ ನಾನು ಹಾಗೆಯೇ ಇದ್ದೇನೆ. ಉಣ್ಣು ಅಂದರೆ ಉಣ್ಣುತ್ತೇನೆ, ಮಲಗು ಅಂದರೆ ಮಲಗುತ್ತೇನೆ. ಹೆಡ್‌ಮಾಸ್ಟರು ಎಂಟನೇ ತರಗತಿ ಬಿ ಸೆಕ್ಷನ್ ನೋಡ್ಕೊಳ್ಳಿ ಮೇಡಂ ಅಂದರೆ ಹೋಗಿ ಮೌರ್ಯ ಸಾಮ್ರಾಜ್ಯದ ಪಾಠ ಮಾಡಿ ಬರುತ್ತೇನೆ. ಪಾಠ ಚೆನ್ನಾಗಿಯೇ ಇರುತ್ತದಂತೆ. ಇಪ್ಪತ್ತೆರಡು ವರ್ಷದಿಂದ ಹೇಳಿದ್ದನ್ನೇ ಹೇಳಿದ ಬಾಯಿ, ನಾನು ಇಲ್ಲದಿದ್ದರೂ ಹೇಳಿಕೊಂಡು ಹೋಗುತ್ತದೆ.

ನನ್ನ ಗಂಡ ದೇವರಾಜ್ ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಟೆಕ್ನಿಷಿಯನ್ ಆಗಿದ್ದರು. ಮಾರ್ಚ್ ಎಂಟನೇ ತಾರೀಕು ಬೆಳಗ್ಗೆ ಡ್ಯೂಟಿಗೆ ಹೊರಟು, ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದವರು ಮತ್ತೆ ಏಳಲಿಲ್ಲ. ಒಂದು ಶೂ ಕಾಲಿನಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ನಾನು ಒಳಗಿನಿಂದ ಟಿಫನ್ ಬಾಕ್ಸ್ ತಗೊಂಡ್ರಾ ಅಂತ ಮೂರು ಸಲ ಕೂಗಿದೆ. ಮೂರನೆಯ ಸಲ ಸಿಟ್ಟಿನಿಂದ ಕೂಗಿದೆ. ಅವರಿಗೆ ಐವತ್ತೆರಡು ವರ್ಷ.

ಆವತ್ತಿನಿಂದ ಊರಿಗೆ ಊರೇ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತದೆ. ಸ್ಟಾಫ್ ರೂಮಿನಲ್ಲಿ ನಾನು ಕಾಲಿಟ್ಟರೆ ನಗು ನಿಲ್ಲುತ್ತದೆ. ತರಕಾರಿಯವನು ಚೌಕಾಸಿ ಮಾಡುವ ಮೊದಲೇ ಎರಡು ಹೆಚ್ಚು ಬದನೆಕಾಯಿ ಹಾಕುತ್ತಾನೆ. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಮಾಲಿನಿ ಫೋನ್ ಮಾಡಿದರೆ, ಬೆಡ್ಡಿನ ಮೇಲಿರುವ ಪೇಷೆಂಟಿಗೆ ಕೇಳಿದ ಹಾಗೆ ಕೇಳುತ್ತಾಳೆ: "ಊಟ ಆಯ್ತಾಮ್ಮಾ? ನಿದ್ದೆ ಬರ್ತಿದ್ಯಾ?" ಹ್ಞೂಂ ಅನ್ನುತ್ತೇನೆ. ದುಃಖವೇ ಅಂದರೆ ಅದೂ ಅಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಮುಟ್ಟಿದರೆ ಇದೆ ಅಂತ ತಿಳಿಯುತ್ತದೆ, ನನ್ನದು ಅಂತ ಅನ್ನಿಸುವುದಿಲ್ಲ.

ಅತ್ತೆ ಮುದ್ದಮ್ಮ ಇರುವುದು ಹಳೇಬೀಡಿನ ಪಕ್ಕದ ಹಳ್ಳಿಯಲ್ಲಿ, ಮಗಳು ಬಸಮ್ಮನ ಮನೆಯಲ್ಲಿ. ಎಪ್ಪತ್ತಾರು ವರ್ಷವಾದರೂ ಗಂಟಲು ಇನ್ನೂ ಕಂಚಿನದು. ಡಿಸೆಂಬರ್‌ನಲ್ಲಿ ಒಂದು ಸಂಜೆ ಫೋನ್ ಮಾಡಿದರು.

"ಆಸಾ, ಬಟಾಣಿ ಹಾಕ್ದೇನೇ?"

"ಇಲ್ಲ ಅತ್ತೆ."

"ಕಾರ್ತೀಕ ಕಳ್ದು ಎಷ್ಟ್ ದಿನ ಆತು! ಬೀಜ ಐತಲ್ಲ ಬಾಟ್ಲೀಲಿ, ನಾಳೇನೇ ಹಾಕು. ಈ ವರ್ಸ ಮಣ್ಣಿಗೆ ಬೀಳ್ನಿಲ್ಲ ಅಂದ್ರೆ ಸತ್ತೋಯ್ತದೆ. ನಿಮ್ಮಾವಂದು ಅಂತ ಉಳ್ದಿರಾದು ಅದೊಂದೇ ಕಣವ್ವ."

ಮಾವ ಸಣ್ಣಯ್ಯನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ನಲವತ್ತು ವರ್ಷದವರೆಗೆ ಜಮೀನ್ದಾರರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. ಆಮೇಲೆ ಕೆರೆಯ ಕೆಳಗೆ ಎಂಟು ಗುಂಟೆ ಮಂಜೂರಾಯಿತು. ಆ ನೆಲಕ್ಕೆ ಅವರು ಮೊದಲು ಹಾಕಿದ್ದು ರಾಗಿಯಲ್ಲ, ಒಂದು ಹಿಡಿ ಬಟಾಣಿ. ಆ ಹಿಡಿ ಎಲ್ಲಿಂದ ಬಂತು ಅಂತ ಕೇಳಿದರೆ ಅತ್ತೆ ಒಂದೊಂದು ಸಲ ಒಂದೊಂದು ಹೇಳುತ್ತಾರೆ. ಕೂಲಿಗೆ ಕೊಟ್ಟರು ಅನ್ನುತ್ತಾರೆ, ಕೊಯ್ದ ಹೊಲದಲ್ಲಿ ಆಯ್ದುಕೊಂಡರು ಅನ್ನುತ್ತಾರೆ, ಮನಸ್ಸು ಖುಷಿಯಾಗಿದ್ದ ದಿನ, ಕೇಳದೇ ಪಂಚೆಯ ಮೂಲೆಗೆ ಕಟ್ಟಿಕೊಂಡು ಬಂದರು ಅಂತಲೂ ಅನ್ನುತ್ತಾರೆ. ಮೂರೂ ನಿಜ ಇರಬಹುದು. ಅಂದಿನಿಂದ ವರ್ಷ ತಪ್ಪದೆ ಬಿತ್ತಿ, ವರ್ಷ ತಪ್ಪದೆ ಬೀಜಕ್ಕೆ ಎತ್ತಿಟ್ಟುಕೊಂಡು ಬಂದ ಕಾಳು ಅದು. ಹತ್ತು ವರ್ಷದ ಹಿಂದೆ ಕೆರೆಯ ಕಡೆ ನವಿಲುಗಳ ಕಾಟ ಹೆಚ್ಚಾಗಿ ಒಂದು ಕಾಯಿಯೂ ಉಳಿಯದಂತಾದಾಗ, ದೇವರಾಜ್ ಬೀಜವನ್ನು ಅರಸೀಕೆರೆಗೆ ತಂದು ನಮ್ಮ ಹಿತ್ತಲಿಗೆ ಹಾಕಿದರು.

"ಬಸಮ್ಮನ ಗಂಡ ಈಗ ತಂತಿ ಬೇಲಿ ಹಾಕ್ಸವ್ನೆ. ಕಾಯಿ ಒಣಗಾ ಹೊತ್ಗೆ ನಾನೇ ಬತ್ತೀನಿ. ಬೀಜ ತಗಂಡೋಗಿ ಕೆರೆ ಕೆಳ್ಗೆ ಹಾಕ್ತೀನಿ. ಸಾಯಾದ್ರೊಳ್ಗೆ ಆ ಹೂವ ಆ ನೆಲದಾಗೆ ಒಂದ್ ಕಿತ ನೋಡ್ಬೇಕು ಕಣೇ. ದೇವ್ರಾಜ ಮಾತ್ ಕೊಟ್ಟಿದ್ದ, 'ಬೀಜ ನನ್ ಹತ್ರ ಭದ್ರವಾಗೈತೆ, ಯೋಚ್ನೆ ಮಾಡ್ಬೇಡ ಕಣವ್ವ' ಅಂತ."

ಹ್ಞೂಂ ಅಂದೆ.

ಸಾಮಾನು ಕೋಣೆಯ ಮೇಲಿನ ಹಲಗೆಯಲ್ಲಿ ಗಾಜಿನ ಬಾಟಲಿ ಇತ್ತು. ಒಳಗೆ ಬೂದಿ ಸವರಿದ ಕಾಳು. ಹೇಗೆ ಹಾಕಬೇಕೋ ನನಗೆ ಗೊತ್ತಿರಲಿಲ್ಲ. ಹಿತ್ತಲು ಅವರದು, ಅಡಿಗೆಮನೆ ನನ್ನದು ಅಂತ ನಮ್ಮ ಮನೆಯಲ್ಲಿ ಹೇಳದೇ ಆದ ಪಾಲು ಒಂದಿತ್ತು. ನಾನು ಹಿತ್ತಲಿಗೆ ಹೋಗುತ್ತಿದ್ದುದು ಬಟ್ಟೆ ಒಣಹಾಕಲು ಮಾತ್ರ. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ಬರುವವಳು. ಬಿಡಿಸಿದ ಹಸಿ ಬಟಾಣಿ ಸ್ಟೀಲ್ ಬಟ್ಟಲಲ್ಲಿ ಒಲೆಯ ಪಕ್ಕ ಬಂದು ಕೂತಿರುತ್ತಿತ್ತು, ಪಲಾವಿಗೆ ಹಾಕುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನಗೆ ಹಿತ್ತಲ ಗಿಡ ಕಣ್ಣಿಗೇ ಬಿದ್ದಿರಲಿಲ್ಲ.

ಹೇಳಿಕೊಟ್ಟವಳು ಪಕ್ಕದ ಮನೆಯ ಲತಾಮಣಿ. ಅವಳ ಗಂಡ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾನೆ. ಅವಳು ಇಡೀ ದಿನ ಕಾಂಪೌಂಡಿನ ಮೇಲೆ ಗಲ್ಲ ಊರಿಕೊಂಡು ಲೋಕ ನೋಡುತ್ತಾಳೆ. "ರಾತ್ರಿ ನೆನೆಹಾಕಿ ಅಕ್ಕ, ಅಣ್ಣಾವ್ರು ಹಂಗೇ ಮಾಡ್ತಿದ್ರು. ಎರಡು ಬೆರಳು ಆಳ, ಒಂದು ಗೇಣು ದೂರ. ಮೊಳಕೆ ಬಂದ್ಮೇಲೆ ತೊಗರಿ ಕಡ್ಡಿ ನೆಡ್ತಿದ್ರು, ಬಳ್ಳಿ ಹಿಡ್ಕೊಳ್ಳಕ್ಕೆ." ನನ್ನ ಗಂಡ ಬಟಾಣಿಯನ್ನು ಹೇಗೆ ಹಾಕುತ್ತಿದ್ದರು ಎಂಬುದನ್ನು ಪಕ್ಕದ ಮನೆಯವಳಿಂದ ಕಲಿತೆ. ಅದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಆರನೆಯ ದಿನ ಮೊಳಕೆ ಮೇಲೆ ಬಂತು. ಅಳಿಲು ಒಂದು ಸಾಲನ್ನು ತಿಂದಿತು. ಉಳಿದವು ಬೆಳೆದವು. ಸಂಕ್ರಾಂತಿಯ ಹೊತ್ತಿಗೆ ಗೇಣುದ್ದ ಬಂದು, ತುದಿಯ ನೂಲುಗಳನ್ನು ಗಾಳಿಗೆ ಚಾಚಿ ಏನು ಸಿಕ್ಕಿದರೆ ಅದನ್ನು ಹಿಡಿದುಕೊಳ್ಳತೊಡಗಿದವು. ಒಂದು ಬಳ್ಳಿ ತೊಗರಿ ಕಡ್ಡಿ ಬಿಟ್ಟು, ಒಣಹಾಕಿದ್ದ ನನ್ನ ರವಿಕೆಯ ಹುಕ್ಕಿಗೆ ಸುತ್ತಿಕೊಂಡಿತ್ತು. ಬಿಡಿಸಿ ಕಡ್ಡಿಗೆ ಹಚ್ಚಿದೆ. ಬೆಳಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ನೀರು. ಒಂದು ದಿನ ಹಾಕದಿದ್ದರೆ ಲತಾಮಣಿ ಕಾಂಪೌಂಡಿನಿಂದ ಕೆಮ್ಮುತ್ತಿದ್ದಳು.

ಮಾಘ ಮುಗಿಯುತ್ತ ಬಂದಂತೆ ಸ್ಟೇಷನ್ ರಸ್ತೆಯ ಹೊಂಗೆಗಳು ಎಲೆ ಉದುರಿಸಿ ಎಳೆ ಹಸಿರು ಹೊದ್ದವು. ಶಾಲೆಯ ಕಾಂಪೌಂಡಿನ ಮಾವು ಮೈತುಂಬ ಹೂ ಬಿಟ್ಟು ಮಕ್ಕಳಿಗೆಲ್ಲ ಸೀನು. ನುಗ್ಗೆಯ ಹೂ ನಮ್ಮ ಟ್ಯಾಂಕಿನ ಮೇಲೆ ಉದುರುತ್ತಿತ್ತು. ಹೋದ ವರ್ಷ ಅವರು ಇದ್ದಾಗಲೂ ಇವೆಲ್ಲ ಹೂ ಬಿಟ್ಟಿರಬೇಕು. ಫೆಬ್ರವರಿ ಎರಡನೇ ವಾರ ನಮ್ಮ ಬಟಾಣಿಯೂ ಬಿಟ್ಟಿತು. ಬೆಳ್ಳಗೆ, ಇಸ್ತ್ರಿ ಮಾಡಿದ ಕರ್ಚೀಫು ಮಡಿಸಿಟ್ಟ ಹಾಗೆ. ಚೆನ್ನಾಗಿದೆ ಅಂತ ಲತಾಮಣಿ ಹೇಳಿದಳು. ಹೌದು, ಚೆನ್ನಾಗಿದೆ ಅಂದೆ.

ಅದೇ ವಾರ ಅತ್ತೆಯ ಫೋನು.

"ಹೂವಾತೇನೇ?"

"ಆಗಿದೆ ಅತ್ತೆ."

"ನೇರಳೆ ಹೂವು, ಅಲ್ವಾ? ಮೇಲಿನ ಎಸಳು ತೆಳ್ಳಗೆ, ಒಳಗಿಂದು ಕಡು ನೇರಳೆ. ನಿಮ್ಮಾವ ಒಂದ್ ಹೂವ ಕಿತ್ತು ನನ್ ತುರುಬಿಗೆ ಇಕ್ಕಿದ್ದ ಕಣೇ, ಊರೆಲ್ಲ ನಕ್ಕಿತ್ತು. ಈ ಕಿತ ಕಣ್ಣೂ ಕಾಣ್ತದೆ. ದೇವ್ರಾಜನ ವರ್ಸಕ್ಕೆ ಬತ್ತೀನಲ್ಲ, ಆವಾಗ ನೋಡ್ತೀನಿ."

ನಾನು ಹ್ಞೂಂ ಅಂದೆ. ಒಂದು ವರ್ಷದಿಂದ ಯಾರು ಏನು ಕೇಳಿದರೂ ಅದನ್ನೇ ಅಂದು ಅಂದು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಒಂದೊಂದೇ ಗಿಡ ಬಗ್ಗಿ ನೋಡಿದೆ. ನೇರಳೆ ಇರಲಿ, ನೇರಳೆಯ ಒಂದು ಗೆರೆಯೂ ಇಲ್ಲ.

ಅತ್ತೆಯ ಕಣ್ಣಿಗೆ ಏಳೆಂಟು ವರ್ಷ ಪೊರೆ ಬಂದಿತ್ತು. ಆಪರೇಷನ್ ಅಂದರೆ ಓಡಿಹೋಗುತ್ತಿದ್ದರು. ದೇವರಾಜ್ ಬಲವಂತ ಮಾಡಿ ಹಾಸನದಲ್ಲಿ ಎರಡೂ ಕಣ್ಣಿಗೆ ಮಾಡಿಸಿದ್ದು ತಾವು ತೀರಿಕೊಳ್ಳುವ ಎರಡು ತಿಂಗಳ ಮುಂಚೆ. ಅದಕ್ಕೂ ಮೊದಲು ವರ್ಷಾ ವರ್ಷ ಹಸಿ ಬಟಾಣಿಯನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಅವ್ವನಿಗೆ ಕೊಟ್ಟು ಬರುತ್ತಿದ್ದರು. ಮುದುಕಿ ಬಾಯಿಗೆ ಹಾಕಿಕೊಂಡು, "ನಿಮ್ಮಪ್ಪನ ಕಾಳಿನ ರುಚಿ ಇಲ್ಲ ಕಣ್ಲಾ, ಅರ್ಸೀಕೆರೆ ಗಡಸು ನೀರು ಅದ್ನೂ ಕೆಡ್ಸಾಕ್ತು" ಅಂತ ದೂರುವುದು, ಇವರು ತಲೆ ತಗ್ಗಿಸಿಕೊಂಡು ಹೌದು ಕಣವ್ವ ಅನ್ನುವುದು. ಅದನ್ನು ನಾನೇ ಎಷ್ಟೋ ಸಲ ಕೇಳಿಸಿಕೊಂಡು ನಕ್ಕಿದ್ದೇನೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಪೇಟೆ ಬೀದಿಯ ಬೀಜ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯ ಸ್ವಾಮಿ ನಮ್ಮವರಿಗೆ ಪರಿಚಯದವನು. ನೀರಿನ ದೋಷಕ್ಕೆ ಬಟಾಣಿಯ ನೇರಳೆ ಹೂವು ಬಿಳಿ ಬಣ್ಣಕ್ಕೆ ತಿರುಗುತ್ತದೆಯೇ ಅಂತ ಕೇಳಿದೆ. ನಮ್ಮ ಶಾಲೆಯ ಸೈನ್ಸ್ ಮೇಷ್ಟ್ರು ಕೇಳಿಸಿಕೊಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಸ್ವಾಮಿ ನಗಲಿಲ್ಲ. ಅವನೂ ಮೆಲ್ಲಗೇ ಮಾತಾಡಿದ.

"ನೀವು ದೇವರಾಜ್ ಸಾರ್ ಮನೆಯೋರಲ್ವಾ? ಬಣ್ಣ ಬದಲಾಗಲ್ಲ ಮೇಡಂ. ಆ ಬಿಳೀ ಹೂವಿಂದು ನನ್ನ ಅಂಗಡೀದೇ ಬೀಜ. ಸಾರ್ ತಗೊಂಡು ಹೋಗಿದ್ದು."

"ಯಾವಾಗ?"

"ಲಾಕ್‌ಡೌನ್ ತೆಗೆದ್ರಲ್ಲ, ಆ ವರ್ಷ. ಮೊದ್ಲು ನೇರಳೆ ಹೂವಿನ ನಾಟಿ ಬಟಾಣಿ ಐತಾ ಅಂತ ಬಂದ್ರು. ಅವೆಲ್ಲ ನಮ್ಮತ್ರ ಎಲ್ಲಿ ಬತ್ತವೆ ಮೇಡಂ, ಬೇಲೂರು ಸಂತೇಲಿ ಕೇಳಿ ಸಾರ್ ಅಂದೆ. ಹೋದ್ರು. ಅಲ್ಲಿ ಇಲ್ಲ. ಹಳೇಬೀಡು ಸುತ್ತಮುತ್ತ ಕೇಳಿದ್ರಂತೆ, ಅಲ್ಲೂ ಇಲ್ಲ. ಅರೇಹಳ್ಳಿ ಕಡೆ ಯಾರೋ ಅಜ್ಜಿ ಮಡಗವ್ಳೆ ಅಂತ ಯಾರೋ ಹೇಳಿದ್ರಂತೆ, ಬಸ್ಸಲ್ಲಿ ಅಲ್ಲೀವರೆಗೂ ಹೋಗಿ ಬರಿಗೈಲಿ ಬಂದ್ರು. ಮೂರು ಭಾನುವಾರ ತಿರುಗಿದ್ರು ಪಾಪ. ಕೊನೆಗೆ ಇಲ್ಲಿ ಬಂದು, ಆ ಬಿಳೇದೇ ಕೊಡಿ ಸ್ವಾಮಿ ಅಂದ್ರು."

"ಅವರ ಬೀಜ ಏನಾಗಿತ್ತು?"

"ಯಾರೋ ನೆಂಟರು ಬಂದಿದ್ರಂತೆ ಮನೆಗೆ, ತಿನ್ನೋ ಕಾಳು ಅಂತ ಬೇಯಿಸ್ಬಿಟ್ರು ಅಂದ್ರು. ಯಾರು ಸಾರ್ ಅಂಥಾ ತಲೆಕೆಟ್ಟೋರು ಅಂದೆ. 'ಹಂಗನ್ಬೇಡ್ರಿ, ಪಾಪ ಅವರಿಗೆ ಗೊತ್ತಿರ್ಲಿಲ್ಲ' ಅಂದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಲ್ಲೇ, ಗೊಬ್ಬರದ ಮೂಟೆಗಳ ಪಕ್ಕದಲ್ಲಿ ನಿಂತು, ಸೆರಗು ಸರಿಮಾಡಿಕೊಂಡೆ. ಆ ವರ್ಷ ನಮ್ಮ ಮನೆಗೆ ಯಾವ ನೆಂಟರೂ ಬಂದಿರಲಿಲ್ಲ. ಲಾಕ್‌ಡೌನ್ ಭಯ ಇನ್ನೂ ಹೋಗಿರಲಿಲ್ಲ. ಮನೆಯಲ್ಲಿದ್ದವರು ನಾವು ಮೂರೇ ಜನ.

ಆಗಸ್ಟ್ ತಿಂಗಳ ಒಂದು ಭಾನುವಾರ. ಅಂಗಡಿಗಳು ಅರ್ಧ ತೆರೆದು ಅರ್ಧ ಮುಚ್ಚಿರುತ್ತಿದ್ದವು. ಮಾಲಿನಿ ಪೂರಿ ಸಾಗು ಬೇಕು ಅಂತ ಹಠ ಮಾಡಿದ್ದಳು. ಸಾಮಾನು ಕೋಣೆಯಲ್ಲಿ ಹುಡುಕಿದಾಗ ಡಬ್ಬಿಗಳ ಹಿಂದೆ ಬಾಟಲಿ ಸಿಕ್ಕಿತು. ಒಳಗೆ ಬೂದಿ ಮೆತ್ತಿದ ಸಣ್ಣ ಬಟಾಣಿ. ಬೇಲೂರಿನ ನನ್ನ ತವರಲ್ಲಿ ಅಜ್ಜಿಯ ಪದ್ಧತಿ ಹೀಗಿತ್ತು: ತಿನ್ನುವ ಕಾಳಿಗೆ ಬೂದಿ, ಬೀಜದ ಕಾಳಿಗೆ ಕೆಮ್ಮಣ್ಣು. ಕೆಮ್ಮಣ್ಣು ಕಟ್ಟಿದ ಕಾಳನ್ನು ಮುಟ್ಟಿದರೆ ಕೈಗೆ ಸೌಟಿನ ಏಟು ಬೀಳುತ್ತಿತ್ತು. ಬೂದಿಯದನ್ನು ಯಾರು ಬೇಕಾದರೂ ತೊಳೆದು ಒಲೆಗೆ ಹಾಕಬಹುದು. ಗಂಡನ ಮನೆಯಲ್ಲಿ ಇದು ತಿರುವುಮುರುವು, ಬೂದಿಯೇ ಬೀಜಕ್ಕೆ ಎಂದು ಮದುವೆಯಾಗಿ ಹದಿನೈದು ವರ್ಷವಾಗಿದ್ದರೂ ನನಗೆ ತಿಳಿದಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಹಿತ್ತಲು ಅವರದು, ನಾನು ಯಾಕೆ ಕೇಳಲಿ?

ಮೂರು ನೀರು ಹಾಕಿ ತೊಳೆದೆ. ಕಂದು ಬಣ್ಣದ ಕಾಳು, ಮೇಲೆ ಸಣ್ಣ ಚುಕ್ಕೆ. ಹಳೇ ಸರಕು ಅಂದುಕೊಂಡು ಸೋಡಾ ಹಾಕಿ ಬೇಯಿಸಿದೆ. ಅವರು ಡ್ಯೂಟಿ ಮುಗಿಸಿ ಬಂದು ಕೂತರು. ತಟ್ಟೆ ನೋಡಿದರು. ತುಂಬ ಹೊತ್ತು ನೋಡಿದರು ಅಂತ ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

"ಬಾಟಲೀದು ಎಲ್ಲಾ ಹಾಕ್ಬಿಟ್ಯಾ?" ಅಂತ ಕೇಳಿದರು.

"ಎಲ್ಲಾ ಹಾಕಿದೆ. ಇನ್ನೇನು, ಹುಳ ತಿನ್ನಲಿ ಅಂತ ಇಟ್ಕೋಬೇಕಿತ್ತಾ?" ಅಂದೆ ನಾನು.

ಚೆನ್ನಾಗಿದೆ ಅಂದರು. ತಿಂದರು. ಮುಂದಿನ ಮೂರು ಭಾನುವಾರ ಓವರ್‌ಟೈಮ್ ಡ್ಯೂಟಿ ಇದೆ ಅಂತ ಬೆಳಗ್ಗೆಯೇ ಹೋದರು. ಮನೆ ಕೆಲಸ ತಪ್ಪಿಸಿಕೊಳ್ಳಲು ರೈಲ್ವೆಯನ್ನೇ ಅಡ್ಡ ಹಿಡಿಯುತ್ತೀರಿ ಅಂತ ಮೂರು ಭಾನುವಾರವೂ ನಾನು ಬೈದೆ. ಆ ಮನುಷ್ಯ ಟಿಫನ್ ಬಾಕ್ಸ್ ಇಟ್ಟುಕೊಂಡು ಸಂತೆ ಸಂತೆ ತಿರುಗಿ, ಅಪ್ಪನ ಬೀಜ ಹುಡುಕಿ, ಸಿಗದೆ ಮನೆಗೆ ಬಂದು ನನ್ನ ಬೈಗುಳ ತಿಂದು ಮಲಗಿದ. ಅಂಗಡಿಯಿಂದ ತಂದ ಬಿಳಿ ಬಟಾಣಿಗೆ ಬೂದಿ ಸವರಿ ಅದೇ ಬಾಟಲಿಗೆ ತುಂಬಿಟ್ಟ. ನನಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಮೇಲಾಗಿ ಆ ಅವ್ವನಿಗೆ ತಾನೇ ನಿಂತು ಕಣ್ಣಿನ ಆಪರೇಷನ್ ಮಾಡಿಸಿದ.

ಇಷ್ಟೆಲ್ಲ ತಿಳಿದ ಮೇಲೆ ಎದೆಯೊಳಗೆ ಏನಾದರೂ ಆಗಬೇಕಿತ್ತು. ನೇರಳೆಯದು ಈಗಲಾದರೂ ಸಿಗುತ್ತದಾ ಅಂತ ಸ್ವಾಮಿಯನ್ನು ಕೇಳಿದೆ, ಇಲ್ಲ ಮೇಡಂ ಅಂದ. ಬರುವ ದಾರಿಯಲ್ಲಿ ಅರ್ಧ ಲೀಟರ್ ಹಾಲು ತಗೊಂಡು ಮನೆಗೆ ಬಂದೆ.

ಲತಾಮಣಿಗೆ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು, ಅವಳು ಕಾಂಪೌಂಡಿನ ಮೇಲಿದ್ದಳು. ಅವಳಿಗೆ ಉಪಾಯಕ್ಕೆ ಬರಗಾಲವಿಲ್ಲ.

"ಎಲ್ಲಾ ಕಿತ್ತಾಕಿ ಅಕ್ಕ. ಕೋತಿ ಬಂದ್ವು ಅನ್ನಿ. ಅರಸೀಕೆರೆ ಕೋತಿ ಮೇಲೆ ಏನ್ ಹೇಳಿದ್ರೂ ನಂಬ್ತಾರೆ."

"ಬೀಜ ಸತ್ತೋಯ್ತು ಅಂತ ಕೊರಗ್ತಾರಲ್ಲೇ."

"ಹಂಗಾದ್ರೆ ಅಣ್ಣಾವ್ರೇ ಬದಲಾಯಿಸಿದ್ರು ಅನ್ನಿ. ಅದು ಸುಳ್ಳೂ ಅಲ್ಲ. ಹೋದೋರಿಗೆ ಏನ್ ಬಂತಕ್ಕ, ಇರೋರು ನೀವು. ಅವರ ಮುಂದೆ ನೀವು ಬಾಳಬೇಕಲ್ಲ."

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಸತ್ತವರನ್ನು ಯಾರು ಏನಂದರೂ ಅವರಿಗೆ ತಟ್ಟುವುದಿಲ್ಲ. ಅವರೇ ಹೊತ್ತುಕೊಂಡು ಹೋದ ತಪ್ಪು, ಅವರ ಹೆಗಲ ಮೇಲೆಯೇ ಇರಲಿ. ನಾನು ಕಿತ್ತುಹಾಕಲೂ ಇಲ್ಲ, ಏನು ಹೇಳಬೇಕೆಂದು ತೀರ್ಮಾನಿಸಲೂ ಇಲ್ಲ. ಎರಡು ಹೊತ್ತು ನೀರು ಹಾಕಿದೆ. ಕೆಳಗಿನ ಹೂಗಳು ಉದುರಿ ಕಾಯಿ ಕಟ್ಟಿದವು, ಮೇಲೆ ಇನ್ನೂ ಹೂ ಬರುತ್ತಿತ್ತು.

ಮಾರ್ಚ್ ಎಂಟಕ್ಕೆ ಅತ್ತೆ ಜಾವಗಲ್ ಮೇಲಿನ ಬಸ್ಸಿಗೆ ಬಂದಿಳಿದರು. ಜೊತೆಗೆ ಬಸಮ್ಮ. ಮಾಲಿನಿ ಹಿಂದಿನ ದಿನವೇ ಬಂದಿದ್ದಳು. ದೇವರಾಜ್ ಜೊತೆ ಕೆಲಸ ಮಾಡುತ್ತಿದ್ದ ಇಂದ್ರೇಶ್ ಮತ್ತು ನಾಲ್ಕು ಜನ ಬಂದಿದ್ದರು. ಬುದ್ಧನ, ಬಾಬಾಸಾಹೇಬರ ಪಟಗಳ ಪಕ್ಕ ದೇವರಾಜ್ ಫೋಟೋ ಇಟ್ಟು, ಬುದ್ಧಂ ಸರಣಂ ಅಂತ ತ್ರಿಸರಣ ಹೇಳಿದೆವು. ಹತ್ತು ನಿಮಿಷದಲ್ಲಿ ಮುಗಿಯಿತು. ಅತ್ತೆಗೆ ಅಷ್ಟಕ್ಕೆ ತೃಪ್ತಿಯಿಲ್ಲ, ಅವರು ತಮ್ಮ ಪಾಡಿಗೆ ಒಂದು ಎಲೆಯಲ್ಲಿ ಅನ್ನ, ಮುದ್ದೆ, ಕೋಳಿ ಸಾರು ಬಡಿಸಿ ಫೋಟೋ ಮುಂದಿಟ್ಟರು. ಯಾರೂ ಬೇಡ ಅನ್ನಲಿಲ್ಲ.

ಬಂದವರು ಉಂಡು ಹೋದ ಮೇಲೆ ಅತ್ತೆ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಬಾರೇ, ಹೂವ ನೋಡಾನ." ಹಿತ್ತಲ ಬಾಗಿಲನ್ನು ನಾನೇ ತೆಗೆದೆ.

ಅತ್ತೆ ಸಾಲಿನ ತಲೆಯಲ್ಲಿ ನಿಂತರು. ಮೊದಲು ಕಣ್ಣುಜ್ಜಿಕೊಂಡರು. ಆಪರೇಷನ್ ಆದ ಕಣ್ಣಿನ ಮೇಲೆ ಅವರಿಗಿನ್ನೂ ಪೂರ್ತಿ ನಂಬಿಕೆಯಿಲ್ಲ. ಹತ್ತಿರ ಹೋಗಿ ಒಂದು ಹೂವನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿದರು. ಇನ್ನೊಂದು ನೋಡಿದರು. ಕಾಯಿ ಕಿತ್ತು ಉಗುರಿಂದ ಸೀಳಿ ಕಾಳು ನೋಡಿ ಬಾಯಿಗೆ ಹಾಕಿಕೊಂಡರು, ಉಗಿದರು.

"ಇದಲ್ಲ," ಅಂದರು.

ಬಸಮ್ಮ ಮತ್ತು ಮಾಲಿನಿ ಬಾಗಿಲಿಗೆ ಬಂದಿದ್ದರು. ಕಾಂಪೌಂಡಿನ ಮೇಲೆ ಲತಾಮಣಿ.

"ಇದು ಅಂಗ್ಡಿ ಬೀಜ. ನೀರಲ್ಲ ಕೆಡ್ಸಿದ್ದು. ನನ್ ಮಗ." ಅತ್ತೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಅಪ್ಪನ ಬೀಜ ಕಳ್ದಾಕಿ ಅಂಗ್ಡಿದು ತಂದು ನಂಗೆ ತಿನ್ನಿಸ್ದ. ಇವ್ಳಿಗೆ ಕಣ್ಣು ಕಾಣಾಕಿಲ್ಲ, ಏನ್ ಕೊಟ್ರೂ ತಿಂತಾಳೆ ಅಂತ. ಹೆತ್ತೋಳಿಗೆ. ನಾನು ಊರಾಗೆಲ್ಲ ಹೇಳ್ಕಂಡು ತಿರಗ್ದೆ, ನನ್ ಮಗ ಅಪ್ಪನ್ ಬೀಜ ಮಡಗವ್ನೆ ಅಂತ. ಈಗ ಅವನ್ಗೆ ಎಡೆ ಇಕ್ಕಿ ಬಂದ್ನಲ್ಲ, ನನ್ ಕೈಗೆ ಏನಾಗಿತ್ತು!"

ಅವರು ಅಳುತ್ತಿರಲಿಲ್ಲ. ಮುಖ ಗಟ್ಟಿಯಾಗುತ್ತ ಹೋಗುತ್ತಿತ್ತು. ಮುದುಕಿ ಎದ್ದು ಒಳಗೆ ಹೋಗಿ ಆ ಎಲೆಯನ್ನು ಎತ್ತಿ ಬಿಸಾಡಿಬಿಡುತ್ತಾಳೆ, ಇನ್ನು ಇರುವಷ್ಟು ದಿನ ಮಗನ ಹೆಸರು ಎತ್ತುವುದಿಲ್ಲ ಅನ್ನುವುದು ನನಗೆ ಕಾಣುತ್ತಿತ್ತು. ನಾನು ಬಾಯಿ ತೆಗೆಯದಿದ್ದರೆ ಸಾಕಿತ್ತು. ಲತಾಮಣಿ ಕಾಂಪೌಂಡಿನಿಂದ ನನಗೆ ಬೇಡ ಅಂತ ತಲೆ ಅಲ್ಲಾಡಿಸುತ್ತಲೇ ಇದ್ದಳು.

"ಅವರಲ್ಲ ಅತ್ತೆ. ನಾನು," ಅಂದೆ.

ಎಲ್ಲ ಹೇಳಿದೆ. ಬಾಟಲಿ, ಬೂದಿ, ಕೆಮ್ಮಣ್ಣು, ಹಿತ್ತಲು ಅವರದು ಅಂತ ನಾನು ಕೇಳದೇ ಇದ್ದದ್ದು, ಪೂರಿ ಸಾಗು, ಮೂರು ಭಾನುವಾರ, ಸ್ವಾಮಿಯ ಅಂಗಡಿ, ನೆಂಟರು ಅಂತ ಅವರು ಹೇಳಿದ್ದು. ಒಂಬತ್ತನೇ ತರಗತಿಗೆ ಪಾಠ ಮಾಡಿದ ಹಾಗೆ ವರ್ಷ, ತಿಂಗಳು ಸಮೇತ ಹೇಳಿದೆ. ಮಾಲಿನಿ ಬಂದು ನನ್ನ ತೋಳು ಹಿಡಿದುಕೊಂಡು, "ಇರ್ಲಿ ಬಿಡಮ್ಮ, ಅಜ್ಜಿ ಏನೂ ಅನ್ಕೊಳ್ಳಲ್ಲ" ಅಂದಳು.

"ಯಾಕ್ ಅನ್ಕಳಾಕಿಲ್ಲ?" ಅತ್ತೆ ಎದ್ದರು.

"ಯಾಕ್ ಅನ್ಕಳಾಕಿಲ್ಲ ಹೇಳು! ಏನೇ ಓದಿದ್ ಮುಂಡೇದೇ, ಊರ್ ಮಕ್ಳಿಗೆಲ್ಲ ಬುದ್ಧಿ ಹೇಳ್ತೀಯ, ಬೀಜ ಯಾವ್ದು ಬೇಯಿಸಾದ್ಯಾವ್ದು ಅಂತ ನೋಡ್ದಂಗೆ ಕಣ್ಣೇನು ಹಣೆಗಂಟ್ಸಿಕೊಂಡಿದ್ದೆ? ನನ್ ಗಂಡ ಕಂಡೋರ ಹೊಲದಾಗೆ ಬೆನ್ನು ಮುರ್ಕಂಡು ತಂದ ಹಿಡಿ ಕಾಳು ಕಣೇ! ನಲ್ವತ್ತು ವರ್ಸ ನಾನು ಮಕ್ಕಳಿಗೆ ಉಪ್ಪಿಟ್ಟಿಗೂ ಹಾಕ್ದಂಗೆ ಮಡಗಿದ್ದೆ. ಬರ ಬಂದಾಗ ಹಸ್ಕೊಂಡು ಮಲ್ಗಿದ್ವಿ, ಮುಟ್ನಿಲ್ಲ. ನೀನು ಪೂರಿ ಜೊತೇಲಿ ತಿಂದು ಕೈ ತೊಳ್ಕಂಡಲ್ಲೇ, ನಿನ್ ಸೋಡಾಕ್ಕೆ ಬೆಂಕಿ ಬೀಳ! ಒಂದ್ ಮಾತು, ಒಂದ್ ಮಾತು ಕೇಳಾಕಾಗ್ನಿಲ್ವಾ? ಹಿತ್ಲು ಅವಂದಂತೆ! ಅವನೇನು ಬಾಡ್ಗೆಗಿದ್ನೇನೇ ನಿನ್ ಮನೇಲಿ?"

ಹೊಡೆಯುವವರ ಹಾಗೆ ಕೈ ಎತ್ತಿಕೊಂಡು ಬಂದರು. ಬಸಮ್ಮ "ಅವ್ವಾ, ಸುಮ್ಕಿರವ್ವ, ಆಕೆ ಮೊದ್ಲೇ ನೊಂದವ್ಳೆ" ಅಂತ ಅಡ್ಡ ಬಂದಳು. "ನೊಂದ್ರೆ ನೋಯ್ಲಿ ಬಿಡು!" ಅಂದರು ಅತ್ತೆ. ಆಚೆ ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಮುಂಡೇದೇ ಅನ್ನುವ ಮಾತನ್ನು ಒಂದು ವರ್ಷದಿಂದ ನನ್ನ ಎದುರು ಯಾರೂ ಯಾರಿಗೂ ಅಂದಿರಲಿಲ್ಲ, ತರಗತಿಯ ಹುಡುಗರು ಕೂಡ. ಅದು ಬಂದು ಬಿದ್ದ ಜಾಗ ಉರಿಯಿತು. ಮುಂದಿನದೂ ಉರಿಯಿತು. ಆ ಆಗಸ್ಟ್ ಭಾನುವಾರ ತಟ್ಟೆ ಮುಂದೆ ಕೂತು ನನ್ನ ಗಂಡ ನನಗೆ ಅನ್ನಬೇಕಿದ್ದ ಮಾತುಗಳು ಅವು. ಅಂದಿದ್ದರೆ ನಾನೂ ತಿರುಗಿ ಕೂಗಾಡಿ, ಅತ್ತು, ಎರಡು ದಿನ ಮಾತುಬಿಟ್ಟು, ಮೂರನೆಯ ಭಾನುವಾರ ಅವರ ಜೊತೆಯಲ್ಲೇ ಅರೇಹಳ್ಳಿಯ ಬಸ್ಸಿನಲ್ಲಿ ಕೂತಿರುತ್ತಿದ್ದೆ. ಯಾಕೆ ಅನ್ನಲಿಲ್ಲ ಈ ಮನುಷ್ಯ? ನನಗೆ ಅವರ ಮೇಲೆ ಸಿಟ್ಟು ಬಂತು.

ಅತ್ತೆಯ ದಮ್ಮು ಮುಗಿಯಿತು. ನಿಂತರು. ಏದುಸಿರಿನ ನಡುವೆ, ಬೇರೆ ದನಿಯಲ್ಲಿ ಕೇಳಿದರು.

"ಅವನು ಉಂಡ್ನೇನೇ?"

"ಉಂಡರು ಅತ್ತೆ."

"ಹೊಟ್ಟೆ ತುಂಬ ಉಂಡ್ನಾ?"

"ಎರಡು ಸಲ ಹಾಕಿಸ್ಕೊಂಡ್ರು. ಪಾತ್ರೆ ತಳದಲ್ಲಿದ್ದಿದ್ದನ್ನೂ ಕೆರೆದು ಹಾಕಿಸ್ಕೊಂಡ್ರು."

ಮುದುಕಿಯ ಎತ್ತಿದ ಕೈ ಕೆಳಗಿಳಿಯಿತು. "ಅಪ್ಪನ್ ಕಾಳು, ಮಗ ಉಂಡ. ಹೋಗ್ಲಿ ಬಿಡು," ಅಂತ ಮೆಲ್ಲಗೆ, ಊರಿನವರೆಲ್ಲ ಮಾತಾಡುವ ಹಾಗೆ ಮೆಲ್ಲಗೆ ಅಂದು, ನನ್ನ ತಲೆ ಸವರಲು ಬಂದರು.

ನಾನು ಆ ಕೈಯನ್ನು ಹಿಡಿದುಕೊಂಡೆ. "ನಿಲ್ಲಿಸ್ಬೇಡಿ ಅತ್ತೆ," ಅಂದೆ. "ಬಯ್ಯಿರಿ. ಇನ್ನೂ ಬಯ್ಯಿರಿ."